ಹೇಳಬಾರದ ಹೆಸರು

"ಗಂಡನ ಹೆಸರು ಕೇಳಿದ್ರೆ ಗೋಡೆ ನೋಡ್ತೀಯಲ್ಲೇ. ಇದಾನೋ ಇಲ್ವೋ ಗಂಡ? ಒಬ್ಬನೋ, ನಾಲ್ಕು ಜನವೋ?"

ಎದುರು ಪಾರ್ಟಿ ಲಾಯರು ಗಂಗಾಧರಪ್ಪ ಹೀಗೆ ಕೇಳಿದಾಗ ಕೋರ್ಟಿನಲ್ಲಿದ್ದ ಗಂಡಸರೆಲ್ಲ ನಕ್ಕರು. ಕಟಕಟೆಯಲ್ಲಿ ನಿಂತಿದ್ದವಳು ನಾನು, ದ್ಯಾಮಮ್ಮ. ನನ್ನ ಗಂಡ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಮ್ಮುತ್ತಿದ್ದರು. ಇದಾನೋ ಇಲ್ವೋ ಅಂತೆ! ಇವನ ಕಣ್ಣೇನು ಹಿಂಗಿಹೋಗಿದ್ದವಾ?

ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ತಂದರೆ ಅವನ ಆಯಸ್ಸು ಕಮ್ಮಿಯಾಗುತ್ತದಂತೆ. ಅರವತ್ತೆರಡರ ಓಟಿನ ಪಟ್ಟಿ ಬರೆಯುವವರು ಬಂದಾಗಲೂ ಪಕ್ಕದ ಗುಡಿಸಲಿನ ಲಿಂಗಮ್ಮನೇ ನನ್ನ ಪರವಾಗಿ ಹೇಳಿದ್ದಳು. ನನ್ನ ಹಣೆಬರಹ ನೋಡಿ, ಭದ್ರಾವತಿಯ ಇಟ್ಟಿಗೆ ಗೂಡಿನಲ್ಲಿ ನನ್ನ ಸೀರೆಗೆ ಕೈ ಹಾಕಿದ ಮೇಸ್ತ್ರಿಯದೂ ಅದೇ ಹೆಸರು. ಹಾಡುಹಗಲು, ಸೌದೆ ಒಟ್ಟಿದ ಜಾಗದಲ್ಲಿ. ತಲೆ ಮೇಲಿದ್ದ ಇಟ್ಟಿಗೆಗಳನ್ನು ಅವನ ಕಾಲ ಮೇಲೆ ಕೆಡವಿ ತಪ್ಪಿಸಿಕೊಂಡೆ. ಲಿಂಗಮ್ಮ ನೋಡಿದಳು. ಇನ್ನೂ ಮೂವರು ನೋಡಿದರು. ನೋಡಿ, ತಲೆಯ ಬಟ್ಟೆಯ ಸಿಂಬಿ ಸರಿ ಮಾಡಿಕೊಂಡು ಇಟ್ಟಿಗೆ ಹೊರಲು ಹೋದರು. ಕೆಲಸ ಕೊಡುವವನು ಅವನೇ ತಾನೆ.

ಸಿಟ್ಟಿನಲ್ಲಿ ಠಾಣೆಗೆ ಒಬ್ಬಳೇ ಓಡಿದ್ದು ನಾನು ಮಾಡಿದ ತಪ್ಪು. "ಯಾರೇ ಅವನು?" ಅಂದ ಪೇದೆ. ಮೇಸ್ತ್ರಿ ಅಂದೆ. "ಹೆಸರು ಬೊಗಳು." ಬಾಯಿ ಕಟ್ಟಿಹೋಯಿತು. ನನ್ನ ಪರವಾಗಿ ಹೇಳುವವರು ಅಲ್ಲಿ ಯಾರಿದ್ದರು? 'ಹೆಸರು ತಿಳಿಯದು' ಅಂತ ಗೀಚಿ ಹೆಬ್ಬೆಟ್ಟು ಒತ್ತಿಸಿಕೊಂಡ. ಕೇಸು ಅಲ್ಲೇ ಸತ್ತಿತು.

ಅದನ್ನು ಎಬ್ಬಿಸಿ ಶಿವಮೊಗ್ಗದ ಕೋರ್ಟಿಗೆ ಹಾಕಿದವರು ಜಯಶೀಲಾ. ನಾನು ಕಂಡ ಮೊದಲ ಹೆಂಗಸು ಲಾಯರು. ಬಿಳಿ ಸೀರೆಯ ಮೇಲೆ ಕರಿಕೋಟು. ಅವರು ಎದ್ದು ನಿಂತರೆ ಸಾಕು, ಗಂಡಸು ಲಾಯರುಗಳು ಕಿಸಕ್ಕೆನ್ನುತ್ತಿದ್ದರು. ಗಂಗಾಧರಪ್ಪನ ಆ ಮಾತಿಗೂ ಅವರು ಎದ್ದರು.

"ಸ್ವಾಮಿ, ಆರೋಪಿಯ ಹೆಸರು, ಇವಳ ಗಂಡನ ಹೆಸರು ಎರಡೂ ಒಂದೇ. ಅದಕ್ಕೇ ಠಾಣೆಯಲ್ಲಿ ಹೇಳಲಿಲ್ಲ. ನನ್ನ ತಾಯಿನೂ ನಮ್ಮ ತಂದೆ ಹೆಸರು ಹೇಳೋದಿಲ್ಲ."

"ನಿಮ್ಮ ಮನೆ ಪುರಾಣ ಇಲ್ಲಿ ಬೇಡಮ್ಮ," ಅಂದರು ಮ್ಯಾಜಿಸ್ಟ್ರೇಟರು. "ಅವಳ ಬಾಯಿಂದಲೇ ಬರಲಿ."

ಹಿಂದಿನಿಂದ ಲಿಂಗಮ್ಮ ಕೂಗಿದಳು: "ವೀರಪ್ಪ ಸ್ವಾಮಿ! ಅವ್ಳ ಗಂಡನ್ ಹೆಸ್ರು ವೀರಪ್ಪ!"

"ಏ, ಬಾಯ್ಮುಚ್ಚೇ ಮುಂಡೆ, ಆಚೆ ದಬ್ತೀನಿ," ಅಂದ ಕೋರ್ಟಿನ ಜವಾನ.

ಮೇಸ್ತ್ರಿ ಮೀಸೆಯಡಿಯಲ್ಲೇ ನಗುತ್ತಿದ್ದ. ನನ್ನ ಗಂಡನ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಹೇಳಿಯೇಬಿಟ್ಟೆ.

"ವೀರಪ್ಪ. ನನ್ನ ಸೀರೆ ಎಳ್ದೋನು ಈ ವೀರಪ್ಪ. ನನಗೆ ತಾಳಿ ಕಟ್ಟಿದೋರೂ ವೀರಪ್ಪ. ಬರ್ಕೊಳ್ರಿ!"

ಗಂಗಾಧರಪ್ಪ ಮೆಲ್ಲಗೆ ಕೋಟು ಸರಿಮಾಡಿಕೊಂಡ. "ನೋಡಿದ್ರಾ ಸ್ವಾಮಿ? ಇವತ್ತು ಸಲೀಸಾಗಿ ಬಂತು. ಆವತ್ತು ಬರ್ಲಿಲ್ಲ. ಹೇಳೋಕೆ ಆಗಲ್ಲ ಅನ್ನೋದೇ ಸುಳ್ಳು. ಈ ಲಾಯರಮ್ಮ ಕಲಿಸಿಕೊಟ್ಟ ಹೆಸರು ಇದು."

ಹೇಳದಿದ್ದರೆ ಗಂಡನಿಲ್ಲದ ಹಾದರಗಿತ್ತಿ, ಹೇಳಿದರೆ ಸುಳ್ಳಿ. ಮೊದಲ ದೂರಿನಲ್ಲಿ ಹೆಸರಿಲ್ಲ, ಕಂಡ ಸಾಕ್ಷಿಯಿಲ್ಲ ಅಂತ ಊಟದ ಹೊತ್ತಿಗೆ ಕೇಸು ವಜಾ ಆಯಿತು.

ಹೊರಗೆ ಬಂದ ಜಯಶೀಲಾ ಕರಿಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು. "ನಾನು ಬಿಡಲ್ಲ ದ್ಯಾಮಮ್ಮ, ಮತ್ತೆ ಹಾಕ್ತೀನಿ. ಆದ್ರೆ ಕಂಡವರು ಒಬ್ಬರಾದ್ರೂ ಬಾಯಿ ಬಿಡಬೇಕು."

ಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಗಂಡನ್ ಹೆಸ್ರು ಹೇಳಕ್ ಬಂದೆ, ಅಷ್ಟೇ ತಾಯಿ. ನಾನೇನೂ ಕಂಡಿಲ್ಲ. ಹೊಟ್ಟೆಪಾಡು."

ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಖಾಲಿಯಿತ್ತು. ನನ್ನ ಗಂಡ ಕಂಬಿ ಹಿಡಿದು ಭದ್ರಾವತಿವರೆಗೂ ನಿಂತೇ ಬಂದರು. ಇಳಿದ ಮೇಲೆ, "ಹೇಳ್ಬಿಟ್ಯಲ್ಲೇ," ಅಂದರು.

"ಹೂಂ, ಹೇಳ್ದೆ. ಬದ್ಕಿದೀರಲ್ಲ."

ಮಾರನೇ ಬೆಳಿಗ್ಗೆ ಎಂದಿನಂತೆ ಗೂಡಿಗೆ ಹೋದೆ. ಮೇಸ್ತ್ರಿ ಇಟ್ಟಿಗೆ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. "ಬಂದ್ಲು ನೋಡ್ರೋ ಕೋರ್ಟಿನ್ ದೊರೆಸಾನಿ! ಕೆಲ್ಸ ಇಲ್ಲ ನಿಂಗೆ, ನಡಿ. ನನ್ ಹೆಸ್ರು ಹೇಳಿ ಬಾಯಿ ಸೀ ಆಯ್ತೇನೇ ಲೌಡಿ? ಇನ್ನೊಂದ್ಸಲ ಹೇಳು, ಕೇಳಣ."

"ಏ ವೀರಪ್ಪಾ!" ಅಂದೆ. "ಸೂಳೆಮಗನೇ ವೀರಪ್ಪಾ!"

ಜಿಗಿದು ಬಂದು ನನ್ನ ತುರುಬಿಗೆ ಕೈ ಹಾಕಿದ. ಇಟ್ಟಿಗೆ ಹೊತ್ತ ಹೆಂಗಸರ ಸಾಲು ನಿಂತುಹೋಯಿತು. ಸಾಲಿನ ಮುಂದಿದ್ದ ಲಿಂಗಮ್ಮ ತಲೆಯ ಮೇಲಿನ ಎಂಟು ಇಟ್ಟಿಗೆಗಳನ್ನು ಹಾಗೇ ನೆಲಕ್ಕೆ ಬಿಟ್ಟಳು. ಅಣ್ಣ ಅಂತಲೇ ಅವನನ್ನು ಕರೆಯುತ್ತಿದ್ದವಳು.

"ಕೈ ಬಿಡೋ ವೀರಪ್ಪ," ಅಂದಳು. "ಆವತ್ತೂ ಕಂಡಿದೀನಿ. ಇವತ್ತೂ ಕಾಣ್ತಾ ಇದೀನಿ."

ಅವನು ಬಿಡಲಿಲ್ಲ. ಅವಳು ಸಿಂಬಿ ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡಿದಳು.

"ದ್ಯಾಮಿ, ಶಿವಮೊಗ್ಗದ್ ಬಸ್ಸು ಎಷ್ಟೊತ್ಗೇ?"

ನನ್ನ ಕೂದಲು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

"ಒಂಬತ್ತಕ್ಕೆ," ಅಂದೆ.