ಮಡ್‌ಗಾರ್ಡಿನ ಒಳಗಿನ ಅಕ್ಷರ

ಮಗಳು ಹತ್ತಿಗೆ ಥಿನ್ನರ್ ಅದ್ದಿ ಅಪ್ಪನ ಬಲಗೈಯ ಹೆಬ್ಬೆರಳನ್ನು ಉಜ್ಜುತ್ತಿದ್ದಳು. ಉಗುರಿನ ಸಂದಿಗೆ ಕೂತಿದ್ದ ಬಣ್ಣ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

“ಬಿಡೇ ಅದನ್ನ,” ಎಂದಳು ತಾಯಿ. “ನಲವತ್ತು ವರ್ಷ ನಾನು ಉಜ್ಜಿದ್ರೂ ಹೋಗದೇ ಇದ್ದದ್ದು ಈಗ ಹೋಗುತ್ತಾ?”

“ಜನ ಬರ್ತಾರಲ್ಲಮ್ಮ. ಕೈ ಚೊಕ್ಕವಾಗಿರಲಿ ಅಂತ.”

“ಬರೋರೆಲ್ಲ ಆ ಕೈ ನೋಡೋಕೇ ಬರ್ತಾರೆ. ಚೊಕ್ಕ ಮಾಡಿದ್ರೆ ಯಾರ ಕೈ ಅಂತ ಗುರುತೇ ಸಿಗಲ್ಲ.”

ಮಗಳಿಗೆ ನಗು ಬಂತು. ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. ಥಿನ್ನರ್ ವಾಸನೆಗೆ ಕೆಮ್ಮು ಬಂದು, ಕೆಮ್ಮಿನ ಜೊತೆ ಅಳುವೂ ಬಂತು.

ಹೆಣವನ್ನು ಶೆಡ್ಡಿನಲ್ಲೇ ಮಲಗಿಸಿದ್ದರು. ಮನೆಯ ಮುಂದಿನ ಕೋಣೆ, ಊರೆಲ್ಲ ಟೈಲರಕ್ಕ ಎಂದು ಕರೆಯುವ ತಾಯಿಯ ಹೊಲಿಗೆ ಯಂತ್ರ, ನೂಲಿನ ರೀಲುಗಳು ಮತ್ತು ಬಟ್ಟೆಯ ರಾಶಿಯಿಂದ ತುಂಬಿಹೋಗಿತ್ತು. ಕೋಣೆಗೂ ಶೆಡ್ಡಿಗೂ ನಡುವೆ ಒಂದು ಬಾಗಿಲು. ಬಾಗಿಲ ಈಚೆಗೆ ಆಕೆ ಹೊಲಿದಳು, ಆಚೆಗೆ ಗಂಡ ಪೇಂಟರಣ್ಣ ಬಣ್ಣ ಹೊಡೆದ. ತುಕ್ಕು ತಿಂದು, ಕೋಳಿಗಳು ಗೂಡು ಕಟ್ಟಿಕೊಂಡ ಹಳೇ ಕಾರುಗಳೂ ಮೋಟಾರ್ ಸೈಕಲ್ಲುಗಳೂ ಈ ಶೆಡ್ಡಿಗೆ ಹಗ್ಗ ಕಟ್ಟಿಸಿಕೊಂಡು ಬರುತ್ತಿದ್ದವು. ಹೋಗುವಾಗ ತಮ್ಮ ಕಾಲ ಮೇಲೆ ತಾವೇ ಹೋಗುತ್ತಿದ್ದವು. ಎಂಜಿನ್ ಕೆಲಸ ಮೆಕ್ಯಾನಿಕ್‌ನದು, ಮೈಕೆಲಸ ಪೇಂಟರಣ್ಣನದು. ಅರವತ್ತೆಂಟಾದರೂ ಟ್ಯಾಂಕಿನ ಮೇಲೆ ಕೂದಲೆಳೆಯಂಥ ಗೆರೆಯನ್ನು ಆತ ಒಂದೇ ಉಸಿರಿಗೆ ಎಳೆಯುತ್ತಿದ್ದ. ನಿನ್ನೆ ಬೆಳಗ್ಗೆ ಒಂದು ಪುಟ್ಟ ಕಾರಿನ ಮೂರನೇ ಬಾಗಿಲಿಗೆ ಕೊನೆಯ ಕೋಟು ಹೊಡೆದು, “ಒಂದು ನಿಮಿಷ ಕೂತ್ಕೋತೀನಿ” ಎಂದು ಸ್ಟೂಲಿನ ಮೇಲೆ ಕೂತವನು ಏಳಲೇ ಇಲ್ಲ.

ಆ ಕಾರು ಈಗಲೂ ಅಲ್ಲೇ ನಿಂತಿತ್ತು. ಮೂರು ಬಾಗಿಲು ತಿಳಿ ಹಸಿರು, ನಾಲ್ಕನೆಯದು ಬೂದು ಪ್ರೈಮರ್.

ಕಾರಿನ ಒಡತಿ ನಿವೃತ್ತ ಹೆಡ್‌ಮಿಸ್ ಹೂವಿನ ಹಾರ ಹಿಡಿದು ಬಂದವರು ಮೊದಲು ಪೇಂಟರಣ್ಣನ ಮುಖ ನೋಡಿದರು, ಆಮೇಲೆ ನಾಲ್ಕನೇ ಬಾಗಿಲು ನೋಡಿದರು, ಮತ್ತೆ ಅವನ ಮುಖ ನೋಡಿದರು.

“ಮೂವತ್ತು ವರ್ಷದ ಹಿಂದೆ ಇವನೇ ಹೊಡೆದಿದ್ದ ಈ ಬಣ್ಣ,” ಎಂದರು ಮೂಗು ಒರೆಸಿಕೊಳ್ಳುತ್ತ. “ಮತ್ತೆ ಅದೇ ಬೇಕು ಅಂದೆ. ತಂದೇಬಿಟ್ಟ ನೋಡಿ! ಇನ್ನು ಆ ಬಾಗಿಲು ಹಾಗೇ ಇರಲಿ. ಯಾರ ಕೈಲೂ ಆಗಲ್ಲ.”

“ನನ್ನ ಕೈಲಂತೂ ಆಗಲ್ಲ ಮೇಡಂ,” ಎಂದ ಎದುರು ಶೆಡ್ಡಿನವನು. ಅವನದೂ ಬಣ್ಣದ ಕೆಲಸವೇ, ಶೆಡ್ ಮಾತ್ರ ಇದರ ಮೂರರಷ್ಟು. “ನನ್ನ ಹತ್ರ ಬಣ್ಣ ಓದೋ ಮಿಷನ್ ಇದೆ. ಬಾಗಿಲಿಗೆ ಹಿಡಿದ್ರೆ ನಂಬರ್ ಹೇಳುತ್ತೆ. ಆ ನಂಬರ್ ಹಾಕಿ ಕಲಸಿದ್ರೆ ಹತ್ತಿರ ಬರುತ್ತೆ, ಅಷ್ಟೇ. ಅಣ್ಣ ಬರೀ ಕಣ್ಣಲ್ಲೇ ತರ್ತಿದ್ದ. ಆ ಕಣ್ಣು ಹೋಯ್ತು, ಮುಗೀತು.”

“ಕಣ್ಣು ಅಂದ್ರೆ ಅದು!” ಎಂದ ಮೆಕ್ಯಾನಿಕ್. ಬೆಳಗಿನಿಂದ ಅತ್ತು ಅವನ ಮುಖ ಟೈರಿನ ಟ್ಯೂಬಿನಂತೆ ಊದಿಕೊಂಡಿತ್ತು.

ಟೈಲರಕ್ಕ ಗಂಡನ ತಲೆಯ ಬಳಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಈ ಹೊಗಳಿಕೆಯನ್ನು ಆಕೆ ನಲವತ್ತು ವರ್ಷ ಬಾಗಿಲ ಈಚೆಯಿಂದ, ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳಿದ್ದಳು. ಕೇಳಿ ಒಳಗೊಳಗೇ ಹಿಗ್ಗಿದ್ದಳು. ಇವತ್ತು ಅದೇ ಮಾತಿಗೆ ಯಾಕೋ ಹಿಗ್ಗು ಬರಲಿಲ್ಲ. ಆ ಕಣ್ಣಿನ ವಿಷಯ ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಈಗ ಒಬ್ಬಳೇ.

*

ಆಗ ಆಕೆಗೆ ಇಪ್ಪತ್ತೆರಡು. ಅಪ್ಪನ ಹಳೇ ಸ್ಕೂಟರನ್ನು ಪೇಟೆಯ ದೊಡ್ಡ ಗ್ಯಾರೇಜಿಗೆ ಬಿಟ್ಟು, ಬಣ್ಣಕ್ಕೆ ಮಾದರಿಯಾಗಿ ಒಂದು ಬಟ್ಟೆಯ ತುಂಡು ಕೊಟ್ಟು ಬಂದಿದ್ದಳು. ಬಾಡಿದ ಎಲೆಯಂಥ ಹಸಿರು. ವಾರ ಬಿಟ್ಟು ಹೋದರೆ ಸ್ಕೂಟರು ಕಂದು ಬಣ್ಣದಲ್ಲಿ ನಿಂತಿತ್ತು.

“ಇದೇನ್ರೀ ಇದು?”

“ನೀವು ಕೊಟ್ಟಿದ್ದೇ ಅಲ್ವಾ?” ಎಂದ ತೆಳ್ಳಗಿನ ಪೇಂಟರು, ಬಟ್ಟೆಯ ತುಂಡನ್ನು ಸ್ಕೂಟರಿನ ಮೇಲಿಟ್ಟು. “ಡಬ್ಬದ ಚೀಟಿ ಕಿತ್ತುಹೋಗಿತ್ತು. ನಾನೇ ಕೂತು ಹೊಂದಿಸಿದ್ದು. ನೋಡಿ, ಒಂದು ಚೂರಾದ್ರೂ ವ್ಯತ್ಯಾಸ ಇದೆಯಾ?”

ಅವನು ತಮಾಷೆ ಮಾಡುತ್ತಿರಲಿಲ್ಲ. ಹಸಿರು ತುಂಡು ಕಂದು ತಗಡಿನ ಮೇಲೆ ಕೂತಿತ್ತು, ಅವನು ಮೆಚ್ಚುಗೆಯ ಮಾತಿಗೆ ಕಾಯುತ್ತ ನಿಂತಿದ್ದ. ಆಕೆ ತುಂಡನ್ನು ನೋಡಿದಳು, ಅವನ ಕಣ್ಣು ನೋಡಿದಳು. ನೂಲಿನ ಅಂಗಡಿಯಲ್ಲಿ ಕೆಲಸ ಕಲಿತವಳು; ಬಣ್ಣ ಕಾಣದ ಕಣ್ಣು ಹೇಗಿರುತ್ತದೆಂದು ಆಕೆಗೆ ಗೊತ್ತಿತ್ತು. ಅಷ್ಟರಲ್ಲಿ ಗ್ಯಾರೇಜಿನ ಯಜಮಾನ ಒಳಗಿಂದ, “ಏನಮ್ಮಾ, ಬಣ್ಣ ಸರಿ ಬಂದಿದೆಯಾ?” ಎಂದು ಕೂಗಿದ.

ಒಂದು ಮಾತು ಆಡಿದ್ದರೆ ಅವನ ಕೆಲಸ ಹೋಗುತ್ತಿತ್ತು. ಅದು ಅವನಿಗೂ ಆಗಲೇ ಅರ್ಥವಾಗತೊಡಗಿತ್ತು.

“ಸರಿಯಾಗೇ ಬಂದಿದೆ ಯಜಮಾನ್ರೇ,” ಎಂದು ಆಕೆಯೂ ಕೂಗಿದಳು. “ನಮ್ಮಪ್ಪನಿಗೇ ಮನಸ್ಸು ಬದಲಾಗಿದೆ. ಇನ್ನೊಂದು ಸಲ ಹೊಡೀಲಿ.” ಆಮೇಲೆ ದನಿ ತಗ್ಗಿಸಿ, “ಡಬ್ಬಗಳನ್ನ ಇಲ್ಲಿ ತನ್ನಿ. ನಾನು ಕಲಸಿ ಕೊಡ್ತೀನಿ. ಕೈ ಮಾತ್ರ ನಿಮ್ಮದೇ ಇರಲಿ. ಎಷ್ಟು ನುಣುಪಾಗಿ ಹೊಡ್ದಿದೀರಿ!”

ಸ್ಕೂಟರಿಗೆ ಮೂರು ದಿನ ಸಾಕಿತ್ತು. ಅವನು ಅದನ್ನು ಮೂರು ವಾರ ಎಳೆದ.

*

ಡಾಕ್ಟರು ತಮ್ಮ ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ ಒಳಗೆ ಬಂದರು. ಕಪ್ಪು ಟ್ಯಾಂಕಿನ ಮೇಲೆ ದಾಳಿಂಬೆ ಕೆಂಪಿನ ಗೆರೆ ಇದ್ದ ಆ ಗಾಡಿಯನ್ನು ಅವರು ಕೈಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು. ಹೊರಗೆ ರಸ್ತೆಯುದ್ದಕ್ಕೂ ಪೇಂಟರಣ್ಣನ ಗಿರಾಕಿಗಳ ಹಳೇ ಗಾಡಿಗಳು ಸಾಲುಗಟ್ಟಿದ್ದವು. ಯಾರೂ ಹೇಳಿರಲಿಲ್ಲ, ಎಲ್ಲರೂ ಬೇರೆ ಗಾಡಿ ಬಿಟ್ಟು ಅವನು ಬಣ್ಣ ಹೊಡೆದದ್ದರಲ್ಲೇ ಬಂದಿದ್ದರು.

“ಡಾಕ್ಟ್ರೇ, ಸಕ್ಕರೆ ಕಾಯಿಲೆಯಿಂದ ಹೀಗಾಯ್ತಾ?” ಎಂದು ಮೆಕ್ಯಾನಿಕ್ ಪಿಸುಗುಟ್ಟಿದ.

“ಯಾವ ಸಕ್ಕರೆ? ನಿನ್ನ ಕಾಟಕ್ಕೆ ನಾನು ಮೂರು ಸಲ ರಕ್ತ ಪರೀಕ್ಷೆ ಮಾಡ್ಸಿದೀನಿ. ಏನೂ ಇರಲಿಲ್ಲ. ಹೃದಯ ನಿಂತಿದ್ದು.”

“ಮತ್ತೆ ಆ ಪಾಟಿ ನೀರು ಕುಡೀತಿದ್ನಲ್ಲ ಸ್ವಾಮಿ! ದಿನಕ್ಕೆ ಇಪ್ಪತ್ತು ಸಲ ಒಳಗೆ ಹೋಗ್ತಿದ್ದ. ‘ಸ್ವಲ್ಪ ನೀರು ಕುಡಿದು ಬರ್ತೀನಿ’ ಅನ್ನೋನು. ಬಣ್ಣದ ಡಬ್ಬನೂ ಕೈಯಲ್ಲೇ ಹಿಡ್ಕೊಂಡು ಹೋಗ್ತಿದ್ದ, ಕೆಳಗಿಡೋಷ್ಟೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ ಪಾಪ.”

ಟೈಲರಕ್ಕ ತಲೆ ತಗ್ಗಿಸಿದಳು. ಅಳು ಎಂದುಕೊಂಡು ಮಗಳು ಬೆನ್ನು ಸವರಿದಳು.

*

ಶೆಡ್ ಶುರುವಾಗಿ ಹತ್ತು ವರ್ಷಕ್ಕೆ ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದಿದ್ದ. “ಬಣ್ಣಗಳ ಬಗ್ಗೆ ನಿಮಗೆ ಇಷ್ಟು ಚೆನ್ನಾಗಿ ಹೇಗೆ ತಿಳಿಯುತ್ತೆ?” ಎಂದು ಕೇಳಿದ. ಪೇಂಟರಣ್ಣ ಬಾಯಿ ತೆರೆದ. ಕಾಫಿ ತಂದ ಟೈಲರಕ್ಕ ಅವನ ಕಾಲು ತುಳಿದಳು. ಬಾಯಿ ಮುಚ್ಚಿಕೊಂಡ.

ಪತ್ರಿಕೆಯವನು ಹೋದಮೇಲೆ ಗಂಡಹೆಂಡಿರಿಗೆ ಜಗಳವಾಯಿತು. ಅವರ ಸಂಸಾರದಲ್ಲಿ ನೆನಪಿಡುವಂಥ ಜಗಳ ಅದೊಂದೇ.

“ಎಲ್ಲರೂ ನನ್ನ ಕಣ್ಣು ಹೊಗಳ್ತಾರೆ. ನನಗೆ ಕಳ್ಳ ಅನ್ನಿಸುತ್ತೆ ಕಣೇ. ಹೇಳಿಬಿಡೋಣ.”

“ಹೇಳಿ ಏನ್ಮಾಡ್ತೀರಿ? ಬಣ್ಣ ಕಾಣದ ಪೇಂಟರ ಹತ್ರ ಯಾರು ಕಾರು ತರ್ತಾರೆ?”

“ನಿನ್ನ ಹತ್ರ ತರ್ತಾರೆ.”

“ನಿಮ್ಮ ಹೆಸರಿಗೆ ನೀವೇ ಕಲ್ಲು ಹಾಕ್ಕೋಬೇಡಿ. ಬಾಯಿ ಬಿಟ್ರೆ ನನ್ನ ಮೇಲಾಣೆ.”

ಆತ ಕುಂಚ ಕೈಗೆತ್ತಿಕೊಂಡು ಅದರ ಕೂದಲನ್ನು ನೇವರಿಸಿದ.

“ಆಯ್ತು,” ಎಂದ. “ಬಾಯಿ ಬಿಡಲ್ಲ.”

*

ಅಂಗಳದಲ್ಲಿ ಧಡಾರೆಂದು ಸದ್ದಾಯಿತು. ದುಃಖದಲ್ಲಿದ್ದ ಎದುರು ಶೆಡ್ಡಿನವನು ಒರಗಲು ಏನೋ ಇದೆ ಎಂದು ಡಾಕ್ಟರ ಮೋಟಾರ್ ಸೈಕಲ್ಲಿಗೆ ಒರಗಿದ್ದ. ಗಾಡಿಯೂ ಅವನೂ ಒಟ್ಟಿಗೆ ಮಲಗಿದ್ದರು.

“ಅಯ್ಯೋ ನನ್ನ ಗಾಡಿ!” ಎಂದು ಓಡಿದ ಡಾಕ್ಟರು ಬಿದ್ದ ಮನುಷ್ಯನನ್ನು ದಾಟಿ ಗಾಡಿಯ ಬಳಿ ಮಂಡಿಯೂರಿದರು. ಆಮೇಲೆ ತಾವು ಡಾಕ್ಟರೆಂದು ನೆನಪಾಗಿ, “ನಿಮಗೇನಾದ್ರೂ ಆಯ್ತೇನ್ರೀ?” ಎಂದರು.

ಅವನ ಉತ್ತರ ಅವರಿಗೆ ಕೇಳಿಸಲಿಲ್ಲ. ಹಿಂದಿನ ಮಡ್‌ಗಾರ್ಡಿನ ಒಳಮೈ ಮೊದಲ ಸಲ ಬಿಸಿಲಿಗೆ ಬಿದ್ದಿತ್ತು. ಚಕ್ರದ ಹಿಂದೆ, ಯಾರ ಕಣ್ಣೂ ಹೋಗದ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಅಕ್ಷರಗಳಿದ್ದವು. ಅಳಿಸದ ಹಾಗೆ ಮೇಲೊಂದು ಪದರ ವಾರ್ನಿಷ್ ಬೇರೆ. ಡಾಕ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“ಗೆರೆ ಎಳೆದ ಕೈ ನನ್ನದು. ಕೆಂಪು ಕಂಡ ಕಣ್ಣು ಪಕ್ಕದ ಕೋಣೆಯಲ್ಲಿ ಹೊಲಿಗೆ ಹಾಕುತ್ತಿರುವವಳದು. ನನಗೆ ಕೆಂಪೂ ಹಸಿರೂ ಒಂದೇ.”

ಮೆಕ್ಯಾನಿಕ್ ರಸ್ತೆಗೆ ಹೋಗಿ, ತನ್ನ ಹಸಿರು ಮೋಟಾರ್ ಸೈಕಲ್ಲಿನ ಹಿಂದೆ ಅಂಗಾತ ಮಲಗಿ, ಇಪ್ಪತ್ತು ವರ್ಷದ ಕೆಸರನ್ನು ಕೆರೆದ.

“ಏನಿದೆಯೋ?” ಎಂದು ಹೆಡ್‌ಮಿಸ್ ಕೂಗಿದರು.

ಕೆಳಗಿನಿಂದ ದನಿ ಬಂತು: “‘ಈ ಹಸಿರು ಅವಳದು. ನನಗೆ ಸಕ್ಕರೆ ಕಾಯಿಲೆ ಅಂತ ಇವನಿಗೆ ಅನುಮಾನ. ನಿಜ ಹೇಳೋಣ ಅಂದ್ರೆ ಅವಳು ಬಿಡಲ್ಲ.’ ಅಯ್ಯೋ ನಿನ್ನ! ಎಂಜಿನ್ನೆಲ್ಲ ಬಿಚ್ಚಿದೀನಲ್ಲೋ, ಮಡ್‌ಗಾರ್ಡ್ ಒಳಗೆ ಯಾವನು ನೋಡ್ತಾನೆ?”

ಅಷ್ಟೇ ಸಾಕಾಯಿತು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಮಣ್ಣಿಗೆ ಬಂದಿದ್ದ ಜನ ಒಬ್ಬೊಬ್ಬರಾಗಿ ತಮ್ಮ ತಮ್ಮ ಗಾಡಿಯ ಅಡಿಗೆ ತೂರಿದರು. ರಸ್ತೆಯುದ್ದಕ್ಕೂ ಕಾಲುಗಳೇ ಕಾಲುಗಳು. ಅಡಿಯಿಂದ ಒಂದೊಂದೇ ದನಿ ಬಂತು: “ಇಲ್ಲೂ ಇದೆ!” “ನನ್ನದರಲ್ಲೂ ಇದೆ, ತಡೀರಿ ಓದ್ತೀನಿ!” ಆಗ ತಾನೇ ಬಂದ ಹೆಣದ ವ್ಯಾನಿನ ಡ್ರೈವರ್ ಇಳಿದು, “ಯಾವ ಗಾಡಿ ಸ್ವಾಮಿ ಕೆಟ್ಟಿರೋದು?” ಎಂದು ಕೇಳಿದ.

ಹೆಡ್‌ಮಿಸ್‌ಗೆ ಮಲಗಲು ಮಂಡಿ ಬಿಡಲಿಲ್ಲ. ಶೆಡ್ಡಿನಲ್ಲಿದ್ದ ಅವರ ಕಾರಿನ ಅಡಿಗೆ ಮಗಳೇ ತೂರಿ, ಮೊಬೈಲಿನ ಬೆಳಕಿನಲ್ಲಿ ಓದಿದಳು. “‘ಈ ಬಣ್ಣಕ್ಕೆ ಹನ್ನೊಂದು ಸಲ ಬೈಸಿಕೊಂಡೆ. ಬೈದವಳೇ ಕಲಸಿದ್ದು. ಹೆಡ್‌ಮಿಸ್‌ಗಿಂತ ಜೋರು.’”

ಹೆಡ್‌ಮಿಸ್ ಗಹಗಹಿಸಿ ನಕ್ಕರು. ಮಗಳು ಮಾತ್ರ ಕಾರಿನಡಿಯಿಂದ ಬೇಗ ಏಳಲಿಲ್ಲ. ಎದ್ದಾಗ ಅವಳ ಕೆನ್ನೆಯ ಮೇಲೆ ಗ್ರೀಸ್ ಇತ್ತು.

“ಅಮ್ಮ, ಅಪ್ಪ ನನ್ನ ಕೆಂಪು ಫ್ರಾಕ್ ನೋಡಿ ‘ಹಸಿರು ಚೆನ್ನಾಗಿದೆ’ ಅನ್ನೋರು. ನನ್ನ ನಗಿಸೋಕೆ ಹೇಳ್ತಾರೆ ಅಂತ ನಾನು ನಗ್ತಾ ಇದ್ದೆ.”

“ನೀನು ನಗ್ತೀಯ ಅಂತ ಆಮೇಲಾಮೇಲೆ ಬೇಕೂಂತಲೇ ಹೇಳೋರು,” ಎಂದಳು ಟೈಲರಕ್ಕ.

ಎಲ್ಲರೂ ಶೆಡ್ಡಿಗೆ ಮರಳಿ ಬಂದು ಆಕೆಯನ್ನೇ ನೋಡುತ್ತ ನಿಂತಿದ್ದರು. ನಲವತ್ತು ವರ್ಷ ಕಾಪಾಡಿದ ಗುಟ್ಟು, ಮಣ್ಣು ಮಾಡುವ ದಿನವೇ ಬಯಲಾಗಿತ್ತು. ಗಂಡನ ಕಡೆ ತಿರುಗಿದಳು.

“ಬಾಯಿ ಬಿಡಲ್ಲ ಅಂದ್ರಿ,” ಎಂದಳು. “ಬಿಡಲಿಲ್ಲ. ಭಂಡ! ಊರ ಗಾಡಿಗಳ ಮೇಲೆಲ್ಲ ಬರೆದಿಟ್ಟು ಹೋದ್ರಿ.” ನಗಲು ಹೋಗಿ ಅತ್ತಳು, ಬೆಳಗಿನಿಂದ ಮೊದಲ ಸಲ.

ಮೊದಲು ಮಾತಾಡಿದವನು, ಮೊಣಕೈ ತರಚಿಕೊಂಡು ನಿಂತಿದ್ದ ಎದುರು ಶೆಡ್ಡಿನವನು.

“ಅಂದ್ರೆ ಇಷ್ಟು ವರ್ಷ ನಾನು ತಪ್ಪು ಮನುಷ್ಯನ ಕಣ್ಣಿಗೆ ಹೊಟ್ಟೆ ಉರ್ಕೊಂಡಿದ್ದೀನಿ!” ಎಂದ. “ಗೆರೆ ಎಳೆದಿದ್ದಾದ್ರೂ ಅಣ್ಣನೇ ತಾನೆ ಅಕ್ಕ?”

“ಒಂದೊಂದು ಗೆರೆಯೂ ಅವರದೇ.”

“ಸದ್ಯ. ಹೊಟ್ಟೆ ಉರಿಗೆ ಅರ್ಧವಾದ್ರೂ ಉಳೀತು.”

ಶೆಡ್ಡಿನ ತಗಡು ಅದುರುವಂತೆ ಜನ ನಕ್ಕರು. ಡಾಕ್ಟರು ಅವನ ಮೊಣಕೈಗೆ ಔಷಧ ಹಚ್ಚುತ್ತ ನಕ್ಕರು. ಹೆಡ್‌ಮಿಸ್ ಮೆಲ್ಲಗೆ ಟೈಲರಕ್ಕನ ಪಕ್ಕಕ್ಕೆ ಬಂದು, “ಇವತ್ತು ಕೇಳಬಾರದು, ಆದ್ರೂ ಕೇಳ್ತೀನಿ. ಹಾಗಾದ್ರೆ ನನ್ನ ನಾಲ್ಕನೇ ಬಾಗಿಲು...?” ಎಂದರು.

“ಬಣ್ಣ ನಾನು ಕಲಸ್ತೀನಿ ಮೇಡಂ. ಹೊಡೆಯೋ ಕೈ ಬೇಕಲ್ಲ.”

ಎದುರು ಶೆಡ್ಡಿನವನು ಡಾಕ್ಟರ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಮುಂದೆ ಚಾಚಿದ. “ಅಣ್ಣನ ಕೈಯಷ್ಟು ಇಲ್ಲ ಅಕ್ಕ. ನೀವು ಬೈದ್ರೆ ಸುಧಾರಿಸುತ್ತೆ.”

ಆಕೆ ಆ ಕೈಯನ್ನು ತಿರುಗಿಸಿ, ಮುರುಗಿಸಿ ನೋಡಿದಳು. “ಉಗುರು ತುಂಬ ಚೊಕ್ಕ ಇದೆ,” ಎಂದಳು. “ಸೋಮವಾರ ಬಾ. ನೋಡೋಣ.”

ಹನ್ನೊಂದಕ್ಕೆ ಹೆಣ ಎತ್ತಿದರು. ವ್ಯಾನಿನಲ್ಲಿ ಗಂಡನ ಪಕ್ಕ ಟೈಲರಕ್ಕ ಕೂತಳು, ಎದುರಿಗೆ ಮಗಳು. ಹಿಂದೆ ಇಪ್ಪತ್ತಾರು ಹಳೇ ಗಾಡಿಗಳು, ಬೆನ್ನಿಗೆಲ್ಲ ರಸ್ತೆಯ ಧೂಳು ಮೆತ್ತಿಕೊಂಡ ಜನ. ಪೇಟೆಯ ದೊಡ್ಡ ವೃತ್ತದಲ್ಲಿ ಕೆಂಪು ದೀಪ ಬಿತ್ತು. ವ್ಯಾನು ನಿಂತಿತು, ಹಿಂದಿನ ಸಾಲೂ ಗುರುಗುಟ್ಟುತ್ತ ನಿಂತಿತು. ದೀಪ ಬದಲಾದ ಕೂಡಲೇ ಟೈಲರಕ್ಕ ಬಗ್ಗಿ, ಗಂಡನ ಕಿವಿಯ ಬಳಿ ಮೆತ್ತಗೆ, “ಹಸಿರು ಬಿತ್ತು,” ಎಂದಳು.

“ನೋಡ್ದೆ ಅಮ್ಮ,” ಎಂದ ಡ್ರೈವರ್ ಗೇರ್ ಹಾಕುತ್ತ.

“ನಿನಗಲ್ಲಪ್ಪ ಹೇಳಿದ್ದು,” ಎಂದಳು ಆಕೆ.