ಮೂರನೇ ಮಹಡಿಯ ನಾವಿಕ

"ಕತ್ತೆತ್ತು" ಎಂದು ಸಾತು ರೈನೆಯ ಟೈ ಬಿಗಿದಳು. "ಇವತ್ತು ನೀನು ಹಡಗಿನವನು. ತೌನೊ ಜೊತೆ ಕೆಲಸ ಮಾಡಿದವನು. ನೆನಪಿದೆ ತಾನೆ?"

"ನನಗೆ ದೋಣಿ ಹತ್ತಿದ್ರೇ ವಾಂತಿ ಬರುತ್ತೆ ಕಣಮ್ಮ."

"ಅದನ್ನೊಂದು ಬಾಯಿಬಿಟ್ಟು ಹೇಳ್ಬೇಡ ಪುಣ್ಯಾತ್ಮ."

ಪ್ರಾರ್ಥನಾ ಮಂದಿರದ ಒಳಗೆ ತೌನೊನ ಶವಪೆಟ್ಟಿಗೆ ಕಾಯುತ್ತಿತ್ತು. ಸಾತು ಅವನ ನೆಂಟಳಲ್ಲ. ಬೀದಿಯಲ್ಲಿ ಮಲಗುವವರಿಗೆ ಮನೆ ಕೊಡುವ ಸಂಸ್ಥೆಯವಳು. ವಾರಕ್ಕೊಮ್ಮೆ ಅವನ ಬಾಗಿಲು ತಟ್ಟಿ ಮಾತ್ರೆ, ಬಾಡಿಗೆ, ಹೊಟ್ಟೆಪಾಡು ವಿಚಾರಿಸುತ್ತಿದ್ದವಳು. ರೈನೆ ಅವನ ಬೀದಿಯ ಕಾಲದ ಗೆಳೆಯ. ಬಂದಿದ್ದ ಉಳಿದವರೆಲ್ಲ ಅವನಿದ್ದ ಕಟ್ಟಡದ ನೆರೆಹೊರೆಯವರು. ಅವರ ಪಾಲಿಗೆ ತೌನೊ ನಿವೃತ್ತ ನಾವಿಕ.

ಒಬ್ಬೊಬ್ಬರೇ ಹೂವಿಟ್ಟು, ಅದಕ್ಕೆ ಕಟ್ಟಿದ ರಿಬ್ಬನ್ನಿನ ಮಾತನ್ನು ಗಟ್ಟಿಯಾಗಿ ಓದಿದರು. ಕಟ್ಟಡದ ಸಂಘದ ಅಧ್ಯಕ್ಷ, ಮುದುಕ ಒಸ್ಸಿ, "ಶುಕ್ರವಾರದ ಸೌನಾ ಹಬೆಸ್ನಾನದ ಗೆಳೆಯನಿಗೆ" ಎಂದಷ್ಟೇ ಓದಿ, ರಿಬ್ಬನ್ನನ್ನು ಎರಡೆರಡು ಸಲ ನೇರ ಮಾಡಿ ಹಿಂದೆ ಸರಿದ.

*

ಸಂಸ್ಥೆಯವರು ಇಡೀ ಕಟ್ಟಡ ಕೊಳ್ಳುತ್ತಿರಲಿಲ್ಲ. ಕೊಂಡರೆ ಊರೆಲ್ಲ ಬೆರಳು ತೋರಿಸುತ್ತದೆಂದು ಮರ್ಯಾದಸ್ಥರ ಕಟ್ಟಡಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ ಕೊಳ್ಳುತ್ತಿದ್ದರು. ಟಾಂಪೆರೆ ನಗರದಲ್ಲಿ ತೌನೊಗೆ ಸಿಕ್ಕಿದ್ದು ಹಾಗೆ ಕೊಂಡ ಒಂದು ಕೋಣೆ, ಒಂದು ಅಡುಗೆಮನೆ.

"ಎಷ್ಟು ದಿನಕ್ಕೆ?" ಕರಾರಿಗೆ ಸಹಿ ಹಾಕುವ ಮುಂಚೆ ಸಾತುವನ್ನು ಕೇಳಿದ್ದ.

"ನಿನಗೆ ಬೇಜಾರಾಗೋ ತನಕ. ಇಲ್ಲಾ ಸಾಯೋ ತನಕ."

"ಕುಡಿದ್ರೆ?"

"ಕುಡಿದ್ರೂ ಮನೆ ನಿಂದೇ. ನಾನು ಬಂದು ಬೈತೀನಿ, ಅಷ್ಟೇ."

ಅವನು ಪೆನ್ನು ಹಿಡಿದುಕೊಂಡೇ ಅತ್ತುಬಿಟ್ಟ.

ಮನೆಗೆ ಬಂದ ದಿನವೇ ಮೆಟ್ಟಿಲ ಮೇಲೆ ಎರಡನೇ ಮಹಡಿಯ ಹೆಲ್ವಿ ಎದುರಾದಳು. "ಎಲ್ಲಿಂದ ಬಂದ್ರಿ?" ಎಂದಳು. ಗಾಬರಿಯಲ್ಲಿ ತೌನೊ, "ಸಮುದ್ರದಿಂದ" ಎಂದುಬಿಟ್ಟ. ಬಾಯಿಗೆ ಬಂದ ಆ ಒಂದು ಮಾತಿಗೆ ಪಾಪ, ಅವನು ಉಳಿದ ಜೀವಮಾನವಿಡೀ ದುಡಿಯಬೇಕಾಯಿತು. ಗ್ರಂಥಾಲಯದಿಂದ ಹಡಗಿನ ಪುಸ್ತಕ ಹೊತ್ತು ತಂದ. ಹಗ್ಗದ ಗಂಟು ಕಲಿತು ಅಂಗಳದಲ್ಲಿ ಮಕ್ಕಳಿಗೆ ಉಯ್ಯಾಲೆ ಕಟ್ಟಿದ. ಅದು ಸಂಜೆಗೇ ಕಳಚಿ ಬಿತ್ತು. ದೇವರ ದಯೆ, ಯಾವ ಮಗುವೂ ಹತ್ತಿರಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ಸಾತುವಿನ ಕೈ ಹಿಡಿದುಕೊಂಡಿದ್ದ. "ಸತ್ತ ಮೇಲೂ ಹೇಳ್ಬೇಡ ಕಣೆ. ಆ ಮನೇಲಿ ನಾನೂ ಒಬ್ಬ ಮನುಷ್ಯ ಆಗಿದ್ದೆ. ಹಾಗೇ ಇರ್ಲಿ."

ಸಾತು ಮಾತು ಕೊಟ್ಟಳು.

*

ಮಣ್ಣು ಮಾಡಿ ಬಂದು ಎಲ್ಲರೂ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಕಾಫಿಗೆ ಕೂತರು. ಸಾಲ್ಮನ್ ಮೀನಿನ ಬ್ರೆಡ್ ಕೇಕು ಎರಡು ತಟ್ಟೆ ಹೊಟ್ಟೆಗಿಳಿದ ಮೇಲೆ ರೈನೆಗೆ ಮಾತು ಬಂತು.

"ಒಳ್ಳೇ ಮನುಷ್ಯ ನಮ್ಮ ತೌನೊ. ಒಂದು ಚಳಿಗಾಲ ತನ್ನ ರಟ್ಟು ನನಗೆ ಹಾಸಿಕೊಟ್ಟು, ತಾನು ಬರೀ ಸಿಮೆಂಟಿನ ಮೇಲೆ ಮಲಗ್ದ. ಆ ಕಾರು ನಿಲ್ಲಿಸೋ ನೆಲಮಾಳಿಗೇಲಿ..."

ಅಲ್ಲಿಗೆ ಅವನಿಗೆ ಎಚ್ಚರವಾಯಿತು. ಹಾಲ್‌ನಲ್ಲಿ ಎಲ್ಲರೂ ಅವನತ್ತ ತಿರುಗಿದರು. ಸಾತು ಕೈಲಿದ್ದ ಲೋಟ ಕೆಳಗಿಟ್ಟಳು. ಕೊಟ್ಟ ಮಾತು ಕಣ್ಣೆದುರೇ ಹಾಳಾಯಿತಲ್ಲ ಎಂದುಕೊಂಡಳು.

"ಅದು ಯಾವ ಬಂದರಲ್ಲಿ?" ಎಂದಳು ಹೆಲ್ವಿ, ಅವನ ಲೋಟಕ್ಕೆ ಕಾಫಿ ಬಗ್ಗಿಸುತ್ತ.

"ಆಂ?"

"ಬಂದರು ಕಣಪ್ಪಾ. ಆಗ ಹಡಗು ಎಲ್ಲಿ ನಿಂತಿತ್ತು?"

"ಹ್ಯಾಂ... ಹ್ಯಾಂಬರ್ಗ್."

"ಹ್ಯಾಂಬರ್ಗಲ್ಲಿ ಸಿಮೆಂಟು ಬಲು ತಣ್ಣಗೆ" ಎಂದ ಒಸ್ಸಿ, ಗಂಭೀರವಾಗಿ.

ಸಾತು ಹೆಲ್ವಿಯನ್ನು ಪಾತ್ರೆ ತೊಳೆಯುವಲ್ಲಿಗೆ ಎಳೆದುಕೊಂಡು ಹೋದಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮನೆ ಕೊಂಡೋರು ಯಾರು ಅಂತ ನಮ್ಮ ಸಂಘದ ಸಭೇಲಿ ಓದಿ ಹೇಳಲ್ವೇನಮ್ಮ? ನಿಮ್ಮ ಸಂಸ್ಥೆ ಹೆಸರು ಈ ಊರಲ್ಲಿ ಯಾರಿಗೆ ಗೊತ್ತಿಲ್ಲ! ಅಂಥೋರು ಇಲ್ಲಿ ಬೇಡ ಅಂತ ಒಸ್ಸಿ ಅವತ್ತು ಮೇಜು ಗುದ್ದಿದ್ದೇ ಗುದ್ದಿದ್ದು."

"ಮತ್ತೆ?"

"ಮತ್ತೇನು, ಆ ಮನುಷ್ಯ ಮೆಟ್ಟಿಲ ಮೇಲೆ ನಿಂತು ಸಮುದ್ರ ಅಂದ. ಮುಖ ನೋಡ್ಬೇಕಿತ್ತು ನೀನು, ಈಗ ಏಟು ಬೀಳುತ್ತೆ ಅಂತ ಕಾಯೋ ಮಗು ಥರ. ಇಲ್ಲ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ. ಮನೆಮನೆಗೂ ಹೋಗಿ ಹೇಳ್ದೆ: ಬಂದಿರೋನು ನಾವಿಕ, ಇದರ ಮೇಲೆ ಯಾರೂ ಒಂದು ಮಾತಾಡಕೂಡದು."

"ಒಸ್ಸಿ ಒಪ್ಪಿದ್ರಾ?"

ಹೆಲ್ವಿಗೆ ನಗುವೂ ಬಂತು, ಅಳುವೂ ಬಂತು. "ಎಲ್ಲರಿಗಿಂತ ಅವನಿಗೇ ಕಷ್ಟ ಕಣೇ. ಹರೆಯದಿಂದ ಹಡಗಲ್ಲೇ ದುಡಿದೋನು ಅವನು. ಶುಕ್ರವಾರ ಬಂದ್ರೆ ಸೌನಾದ ಹಬೇಲಿ ಕೂತು ತೌನೊ ಬಿಡೋ ಅಲೆ, ಬಿರುಗಾಳಿ ಎಲ್ಲಾ ಕೇಳ್ಬೇಕಿತ್ತು. ಒಂದು ದಿನಾನೂ ತಪ್ಪಿಸಿಕೊಳ್ಳಲಿಲ್ಲ ನೋಡು."

ಸಾತು ಅಲ್ಲೇ ನಿಂತು ಕಣ್ಣೊರೆಸಿಕೊಂಡಳು. ಅತ್ತ ರೈನೆಗೆ ಈಗ ಲಂಗುಲಗಾಮು ಇರಲಿಲ್ಲ.

"ಅಲೆ ಅಂದ್ರೆ ಈ ಕಟ್ಟಡದಷ್ಟೆತ್ತರ! ಅಷ್ಟು ದೊಡ್ಡ ಸರಕಿನ ಹಡಗು, ನಾನು, ತೌನೊ ಇಬ್ರೇ ರಾತ್ರಿಯಿಡೀ ಹುಟ್ಟು ಹಾಕಿದ್ವಿ..."

ಯಾರೋ ಕೆಮ್ಮಿದರು. ಒಸ್ಸಿ ಅವರತ್ತ ಕಣ್ಣು ಬಿಟ್ಟು, ತನ್ನ ಕುರ್ಚಿಯನ್ನು ರೈನೆಯ ಪಕ್ಕಕ್ಕೆ ಎಳೆದುಕೊಂಡ.

"ಹೌದಪ್ಪಾ, ಆ ಹಡಗಿಗೆ ಹುಟ್ಟೇ ಹಾಕ್ಬೇಕು" ಎಂದ. "ಹೇಳು, ತೌನೊ ಯಾವ ಕಡೆ ಕೂತಿದ್ದ?"