ರಟ್ಟಿನ ಮನೆಯ ಮನುಷ್ಯ

ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಸಾವಕ್ಕ ಸೆರಗಿನಿಂದಲೇ ಪಾತ್ರೆ ಹಿಡಿದು ಇಳಿಸಿದಳು. ಬೆರಳು ಚುರ್ ಅಂದಿತು. ಗಂಡನನ್ನು ಮಣ್ಣು ಮಾಡಿ ಅಂದಿಗೆ ಮೂರನೆಯ ದಿನ. ಹೊಲದಲ್ಲಿನ ಕುಣಿಗೆ ಹಾಲು ತುಪ್ಪ ಹಾಕಿ, ಕೂಳಿಟ್ಟು, ಅದನ್ನು ಕಾಗೆ ಮುಟ್ಟಿದರೆ ಸಿದರಾಯನಿಗೆ ಈ ಅಕ್ಕೋಳ ಊರಿನ ಋಣ ಹರಿದಂತೆ.

ಮೈದುನ ಮಾಳಸಿದ್ದ ಬುಟ್ಟಿಗೆ ಒಂದೊಂದಾಗಿ ಇಡುತ್ತಿದ್ದ. ರೊಟ್ಟಿ, ಜುಣಕ, ಮೆಣಸಿನಕಾಯಿ ಭಜಿ, ಅಣ್ಣನ ಕಿವಿಯ ಮೇಲೆ ಸದಾ ಇರುತ್ತಿದ್ದ ಪೆನ್ಸಿಲ್ಲು.

"ವೈನಿ, ಅಣ್ಣಂದು ಆ ರಟ್ಟಿನ ಮನಿ ಐತೆಲ್ಲ, ಅದನ್ನೂ ಇಡೂಣೇನು? ಅದರ ಮ್ಯಾಲ ಭಾಳ ಜೀಂವ ಇಟ್ಟಿದ್ದ."

"ಬ್ಯಾಡ. ಕೂಳಿನ ಸಂಗಾಟ ಕಸಾ ಇಡತಾರೇನು?"

ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತಿದ್ದ ಅತ್ತೆ ಸತ್ತೆವ್ವ ಮೂಗು ಒರೆಸಿಕೊಂಡಳು. "ಕಸಾ ಅನಬ್ಯಾಡವಾ. ನನ್ನ ಮಗ ಕಲತದ್ದಂದ್ರ ಅದೊಂದ ಉಳದೈತಿ."

ಅದು ಸುಳ್ಳಲ್ಲ. ಬೆಳಗಾವಿಯ ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಎರಡು ವರ್ಷ ಕಲಿತು, ಅಪ್ಪ ತೀರಿಕೊಂಡನೆಂದು ಬಿಟ್ಟು ಬಂದಾಗ ಸಿದರಾಯ ಹೊತ್ತು ತಂದದ್ದು ಸರ್ಟಿಫಿಕೇಟಲ್ಲ, ಮೊದಲ ವರ್ಷ ಮಾಡಿದ ಆಟಿಕೆಯಂಥ ಮಾದರಿಗಳ ಒಂದು ಮೂಟೆ. ಬೆಂಕಿಕಡ್ಡಿಯ ಗೋಪುರವನ್ನು ಇಲಿಗಳು ಕೆಡವಿದವು. ಬಸ್ ನಿಲ್ದಾಣದ ಹಲಗೆ ಸತ್ತೆವ್ವನ ಹಿಟ್ಟಿನ ಡಬ್ಬಿಗೆ ಮುಚ್ಚಳವಾಯಿತು. ಉಳಿದದ್ದು ಬಿಳಿ ರಟ್ಟಿನ ಒಂದು ಮನೆ, ಕಪಾಟಿನ ಮೇಲೆ ಗೋಡೆಗೆ ಬೆನ್ನು ಹತ್ತಿಸಿಟ್ಟದ್ದು. ಮುಂದೆ ನಿಪ್ಪಾಣಿಯಲ್ಲಿ ಕುಳಿತು ಊರವರ ಮನೆಗಳಿಗೆ ಪ್ಲಾನು ಬರೆಯುತ್ತ ಬರೆಯುತ್ತಲೇ ಅವನ ಆಯುಷ್ಯ ಮುಗಿಯಿತು. ತನಗೊಂದು ಹೊಸ ಗೋಡೆ ಕಟ್ಟಿಸಲಿಲ್ಲ. ಕಾಮಣಿ ರೋಗವಾಗಿ ಮಲಗಿದವನು ಏಳಲಿಲ್ಲ.

ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಬಾಗಿಲಲ್ಲಿ ಕನ್ನಡಕದ ಹೆಂಗಸೊಬ್ಬಳು ನಿಂತಿದ್ದಳು. "ನಾನ್ರಿ, ಸದಲಗಾದ ಮಂಗಲ. ಸಿದರಾಯನ ಸಂಗಾಟ ಕಾಲೇಜಿನ್ಯಾಗ ಇದ್ದೆ. ಕೊಲ್ಹಾಪುರದಾಗ ನಿನ್ನೆ ಸುದ್ದಿ ತಿಳೀತು."

"ಬರ್ರಿ ಬಾಯಾರ," ಎಂದಳು ಸಾವಕ್ಕ. ಸುಟ್ಟ ಬೆರಳಿನ ಉರಿ ಈಗ ಎದೆಗೆ ಹೋಗಿತ್ತು.

* * *

ಆಗ ಸಾವಕ್ಕನ ಮದುವೆಯಾಗಿ ವಾರವಾಗಿತ್ತು. ಕಪಾಟು ಒರೆಸುವಾಗ ರಟ್ಟಿನ ಮನೆ ಕೈಗೆ ಸಿಕ್ಕಿತು. ಒಂದು ಕೋಣೆ, ಒಂದು ಬಾಗಿಲು. ಬಾಗಿಲಲ್ಲಿ ಗುಂಡುಸೂಜಿಗೆ ಅಂಟಿಸಿದ ಕಾಗದದ ಮನುಷ್ಯ ಹೊರಗೆ ನೋಡುತ್ತ ನಿಂತಿದ್ದ. ಮೀಸೆ ಥೇಟ್ ಸಿದರಾಯನದೇ. ತಳದ ಹಲಗೆಯ ಮೇಲೆ ಚೆಂದದ ಅಕ್ಷರದಲ್ಲಿ ಹೀಗಿತ್ತು: ಸಿದರಾಯನಿಗೆ ಮನೆ. ಮಾಡಿದವಳು ಮಂಗಲ.

"ಯಾರೀಕಿ?"

"ನನ್ನ ಬೆಂಚಿನ್ಯಾಕಿ. ಒಬ್ಬರಿಗೊಬ್ಬರು ಮನಿ ಮಾಡ್ರಿ ಅಂದ್ರು ಸರ್. ನಾ ಆಕಿಗೆ ಮಾಡ್ದೆ, ಆಕಿ ನನಗ ಮಾಡಿದ್ಲು."

"ನಿಮಗ ಎಂಥಾ ಮನಿ ಬೇಕಂತ ಆಕಿಗೆ ಹೆಂಗ ಗೊತ್ತ?"

ಸಿದರಾಯ ಉತ್ಸಾಹದಿಂದ ಹೇಳತೊಡಗಿದ. ಯಾವ ಕಡೆ ತಲೆ ಮಾಡಿ ಮಲಗುತ್ತಿ, ಮುಂಜಾನೆ ಮುಖದ ಮೇಲೆ ಬಿಸಿಲು ಬಿದ್ದರೆ ಸೇರುತ್ತದೆಯೋ ಇಲ್ಲವೋ, ಸಿಟ್ಟು ಬಂದರೆ ಎಲ್ಲಿ ಹೋಗಿ ಕೂಡುತ್ತಿ, ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದಳಂತೆ. ಪಾಪ, ಹೊಸ ಹೆಂಡತಿಯ ಮುಖ ನೋಡುವ ಬುದ್ಧಿ ಅವನಿಗಿರಲಿಲ್ಲ.

ಅವನಿಗೆ ಸಿಟ್ಟು ಬಂದರೆ ಎಲ್ಲಿ ಕೂಡುತ್ತಾನೆಂದು ಸಾವಕ್ಕನಿಗೆ ಇನ್ನೂ ತಿಳಿದಿರಲಿಲ್ಲ. ತಾನು ಒಂದೊಂದಾಗಿ ತಿಳಿದುಕೊಳ್ಳಬೇಕೆಂದಿದ್ದನ್ನೆಲ್ಲ ಇನ್ನೊಬ್ಬಳು ಮೊದಲೇ ಕೇಳಿ ಮುಗಿಸಿದ್ದಳು. ಅದೂ ಮಾಸ್ತರರ ಅಪ್ಪಣೆಯಿಂದ. ಮೇಲಾಗಿ ಆ ಮನೆಯಲ್ಲಿ ಒಲೆಗೆ ಜಾಗವೇ ಇರಲಿಲ್ಲ. ಎರಡನೆಯ ಮನುಷ್ಯರಿಗಂತೂ ಇಲ್ಲವೇ ಇಲ್ಲ.

* * *

ಹೊಲದ ಬದುವಿನ ಬೇವಿನ ಮರದಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಕುಣಿಯ ಮೇಲೆ ಹಾಲು ತುಪ್ಪ ಬಿತ್ತು, ಎಲೆಯ ಮೇಲೆ ಕೂಳು ಬಿತ್ತು, ಎಲ್ಲರೂ ಹಿಂದೆ ಸರಿದು ನಿಂತರು. ಕಾಗೆಗಳು ಕತ್ತು ಓರೆ ಮಾಡಿ ನೋಡಿದವು. ಒಂದೂ ಇಳಿಯಲಿಲ್ಲ.

ಹೀಗಾದರೆ ಸತ್ತವನ ಆಸೆ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಅದು ಯಾವುದೆಂದು ಊಹಿಸಿ, ನೆರವೇರಿಸುತ್ತೇವೆಂದು ಉಳಿದವರು ಬಾಯಿಬಿಟ್ಟು ಹೇಳಬೇಕು. ಸರಿಯಾದ ಮಾತು ಬಿದ್ದರೆ ಕಾಗೆ ಇಳಿಯುತ್ತದೆ.

ಮಾಳಸಿದ್ದ ಕೈಮುಗಿದ. "ಅಣ್ಣಾ, ನಿನ್ನ ಮಗಳ ಸಾಲಿ ಬಿಡಸೂದಿಲ್ಲ. ನನ್ನ ಮಗಳ ಹಂಗ ನೋಡತೇನಿ." ಕಾಗೆ ಅಲುಗಲಿಲ್ಲ. "ಹೊಲಾ ಮಾರೂದಿಲ್ಲ." ಇಲ್ಲ. "ಅವ್ವನ ಕಣ್ಣ ಆಪರೇಶನ್ ಮಾಡಸ್ತೇನಿ." ಒಂದು ಕಾಗೆ ಹಾರಿ ಇನ್ನೂ ಮೇಲಿನ ಕೊಂಬೆಗೆ ಹೋಗಿ ಕುಳಿತಿತು.

ಬಿಸಿಲೇರಿತು. ಸತ್ತೆವ್ವ ನೆಲಕ್ಕೆ ಕುಸಿದಳು. "ನನ್ನ ಮಗ ಅಲ್ಲೇ ಜೋತಾಡಾಕತ್ತಾನಲ್ಲೋ! ಸಾವಕ್ಕಾ, ನೀ ಏನರ ಹೇಳ ಬೇ."

ಏನು ಹೇಳಬೇಕೆಂದು ಸಾವಕ್ಕನಿಗೆ ಗೊತ್ತಿತ್ತು. ಹೇಳಿದರೆ ಗಂಡನ ಜೀವ ಆ ರಟ್ಟಿನಲ್ಲೇ ಇತ್ತೆಂದು ಊರ ಮುಂದೆ ಒಪ್ಪಿಕೊಂಡಂತೆ.

ಸತ್ತೆವ್ವ ಈಗ ಕನ್ನಡಕದವಳ ಕಡೆ ತಿರುಗಿದಳು. "ಮಂಗಲಾ, ನೀನರ ಒಂದ ಮಾತ ಹೇಳವಾ. ನಿನ್ನ ಭಾಳ ನೆನಸತಿದ್ದ."

* * *

ಜಗಳವನ್ನು ಸಾವಕ್ಕ ಬಾಯಿಂದ ಮಾಡಿದವಳಲ್ಲ. ದಿನವೂ ಕಸ ಹೊಡೆದ ಮೇಲೆ ಸ್ಟೂಲು ಹತ್ತಿ, ಕಾಗದದ ಮನುಷ್ಯನನ್ನು ಸೂಜಿಯ ಮೇಲೆ ಗಿರಕ್ಕನೆ ತಿರುಗಿಸಿ ಬಿಡುತ್ತಿದ್ದಳು. ಹೊರಗೆ ಯಾರ ದಾರಿ ನೋಡುತ್ತಿ, ಒಳಗೆ ಗೋಡೆ ನೋಡು. ಸಂಜೆ ನಿಪ್ಪಾಣಿಯಿಂದ ಬಂದ ಸಿದರಾಯ ಕೈಕಾಲು ತೊಳೆದು, ಅದನ್ನು ಮತ್ತೆ ಹೊರಗೆ ತಿರುಗಿಸುತ್ತಿದ್ದ. ಮಗಳು ಹುಟ್ಟಿದಳು, ಹೆಂಚು ಬದಲಾದವು, ಮನೆಗೆ ಟೀವಿ ಬಂತು. ಈ ತಿರುಗಾಟ ಮಾತ್ರ ನಿಲ್ಲಲಿಲ್ಲ.

ಒಮ್ಮೆ ಊಟಕ್ಕೆ ಕುಳಿತಾಗ ರೊಟ್ಟಿ ಮುರಿಯುತ್ತ ಕಪಾಟಿನ ಕಡೆ ಕತ್ತು ಮಾಡಿ ಕೇಳಿದ್ದ. "ಅವಗ ಆ ಕಡೆ ಏನ ತೋರಸಾಕತ್ತಿ ದಿನಾ?"

"ಯಾರಿಗೆ?" ಎಂದಳು, ಏನೂ ಅರಿಯದವಳಂತೆ.

ಸಿದರಾಯ ಬಹಳ ಹೊತ್ತು ಯೋಚಿಸಿದ, ಯಾರದೋ ಪ್ಲಾನಿನಲ್ಲಿ ತಪ್ಪು ಹುಡುಕುವಾಗ ಯೋಚಿಸುವಂತೆ. ಆಮೇಲೆ "ನೀ ಅನ್ನೂದೂ ಖರೆ ಐತಿ ಬಿಡು" ಎಂದು ಕೈತೊಳೆಯಲು ಎದ್ದ. ತಾನೇನು ಅಂದೆನೆಂದು ಸಾವಕ್ಕನಿಗೆ ತಿಳಿಯಲಿಲ್ಲ. ಕೇಳುವ ಮನಸ್ಸೂ ಆಗಲಿಲ್ಲ.

* * *

ಮಂಗಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಇವಳ ಮಾತಿಗೆ ಕಾಗೆ ಇಳಿದರೆ ತಾನು ಸಂಸಾರ ಮಾಡಿದ್ದಕ್ಕೆ ಅರ್ಥವೇನು ಉಳಿಯಿತು?

"ನಿಂದರ್ರಿ ಬಾಯಾರ," ಎಂದು ಸಾವಕ್ಕ ಅಡ್ಡ ಬಂದಳು. ಕುಣಿಯ ಕಡೆ ನೋಡಿ ಗಟ್ಟಿಯಾಗಿ ಹೇಳಿದಳು. "ಆ ರಟ್ಟಿನ ಮನಿ ಈ ಬಾಯಾರಿಗೆ ಕೊಡತೇನಿ. ಆತಿಲ್ಲೋ?"

ಎಲ್ಲರೂ ಮರ ನೋಡಿದರು. ಕಾಗೆ ಇಳಿಯಲಿಲ್ಲ.

ಸಾವಕ್ಕನಿಗೆ ಸಂತೋಷವಾಯಿತು. ಆ ಹೊತ್ತಿನಲ್ಲಿ ಆಗಬಾರದ ಸಂತೋಷ, ಆದರೂ ಆಯಿತು. ಅವನ ಮನಸ್ಸು ಇವಳಲ್ಲಿ ಇರಲಿಲ್ಲ ಹಾಗಾದರೆ. ಅಷ್ಟರಲ್ಲಿ ಅತ್ತೆ ಬಿಕ್ಕುವುದು ಕೇಳಿಸಿತು. ಹಾಗಾದರೆ ಮತ್ತೇನು? ಸೆರಗು ಬಾಯಿಗೆ ಹಿಡಿದು, ತನಗೂ ಅವನಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. "ಇನ್ನ ನಿನ್ನ ಗ್ವಾಡಿಗೆ ತಿರುಗಿಸಿ ನಿಂದರಸೂದಿಲ್ಲ. ಹೋಗು."

ರೆಕ್ಕೆಯ ಸದ್ದಾಯಿತು. ಕಾಗೆ ಇಳಿದು ಭಜಿ ಕಚ್ಚಿಕೊಂಡಿತು, ಹಿಂದೆಯೇ ಮತ್ತೆರಡು ಬಂದವು.

"ಮುಟ್ಟಿತು, ಮುಟ್ಟಿತು," ಎಂದು ಜನ ಉಸಿರುಬಿಟ್ಟರು. ಸಾವಕ್ಕನಿಗೆ ಮಾತ್ರ ಕಪಾಳಕ್ಕೆ ಬಿಗಿದಂತಾಗಿತ್ತು. ಅಂದರೆ ಹೊರಗೆ ನೋಡುವುದೇ ಅವನಿಗೆ ಬೇಕಾಗಿತ್ತು. ಬಾಗಿಲಲ್ಲಿ ನಿಂತು ಸದಲಗಾದ ದಾರಿ ನೋಡುವುದೇ.

ಮನೆಗೆ ಬಂದವಳೇ ಸ್ಟೂಲು ಎಳೆದು, ರಟ್ಟಿನ ಮನೆ ಇಳಿಸಿ ಮಂಗಲಳ ಕೈಯಲ್ಲಿಟ್ಟಳು. "ತಗೊಂಡ ಹೋಗ್ರಿ. ಮಾತ ಕೊಟ್ಟೇನಿ."

ಮಂಗಲ ಅದನ್ನು ಅಂಗಳದ ಬೆಳಕಿಗೆ ಹಿಡಿದು ನಕ್ಕಳು, ಆಮೇಲೆ ನಗು ನಿಂತಿತು. "ವೈನಿ, ಈ ಕಿಡಕಿ ಎಲ್ಲಿಂದ ಬಂತು?"

ಸಾವಕ್ಕ ಬಗ್ಗಿ ನೋಡಿದಳು. ಸದಾ ಕತ್ತಲೆಯಾಗಿ ಕಾಣುತ್ತಿದ್ದ ಪುಟ್ಟ ಬಾಗಿಲಿನೊಳಗೆ ಈಗ ಬೆಳಕಿತ್ತು. ಹಿಂದಿನ ಗೋಡೆಯಲ್ಲಿ, ಕಾಗದದ ಮನುಷ್ಯನ ತಲೆಯ ಎತ್ತರಕ್ಕೆ ಸರಿಯಾಗಿ, ಬ್ಲೇಡಿನಿಂದ ಒಂದು ಕಿಟಕಿ ಕೊರೆದಿತ್ತು. ಅಂಚಿಗೆ ಪೆನ್ಸಿಲ್ಲಿನ ಗೆರೆ.

"ಇದು ನಂದಲ್ಲ," ಎಂದಳು ಮಂಗಲ. "ನಾ ಹಿಂದ ಬರೇ ಗ್ವಾಡಿ ಇಟ್ಟಿದ್ದೆ. ಅದಕ್ಕ ಸರ್ ಎಲ್ಲಾರ ಮುಂದ ಬೈದಿದ್ರು ನನಗ. ಇದು ಸಿದರಾಯನ ಕೈ." ಅಂಗಳದಿಂದಲೇ ಒಳಗೆ ಇಣುಕಿ ಕಪಾಟು ನೋಡಿದಳು. "ಇದರ ಬೆನ್ನ ಆ ಗ್ವಾಡಿಗೆ ಇರತಿತ್ತಲ್ಲ, ಅದರ ಆಚೆ ಏನೈತ್ರಿ?"

"ಅಡಗಿ ಮನಿ."

ಮಂಗಲ ರಟ್ಟಿನ ಮನೆಯನ್ನು ತಿರುಗಿ ಸಾವಕ್ಕನ ಕೈಗೇ ಕೊಟ್ಟಳು. "ನಾ ಮಾಡಿದ ಮನಿ ಇದಲ್ಲ. ನಾ ಒಯ್ಯೂದಿಲ್ಲ ವೈನಿ," ಎಂದು ಚಪ್ಪಲಿ ಮೆಟ್ಟಿದಳು. ಅವಳ ದನಿಯಲ್ಲೂ ಸಣ್ಣದೊಂದು ಉರಿ ಇದ್ದುದು ಸಾವಕ್ಕನಿಗೆ ತಿಳಿಯಿತು, ಆ ಉರಿಯ ಪರಿಚಯ ಅವಳಿಗೆ ಚೆನ್ನಾಗಿತ್ತು.

ಪಡಸಾಲೆಯಿಂದ ಸತ್ತೆವ್ವ ಚಹಾ ಕೇಳಿದಳು. ಸಾವಕ್ಕ ಓಗೊಟ್ಟು, ಸ್ಟೂಲು ಹತ್ತಿ, ರಟ್ಟಿನ ಮನೆಯನ್ನು ಮೊದಲಿನ ಜಾಗದಲ್ಲೇ ಗೋಡೆಗೆ ಹತ್ತಿಸಿ ಇಟ್ಟಳು. ಕಾಗದದ ಮನುಷ್ಯ ಹೊರಗೆ ನೋಡುತ್ತಿದ್ದ. ಗೋಡೆಗೆ ತಿರುಗಿಸುವುದಿಲ್ಲವೆಂದು ಮಣ್ಣಿನ ಮುಂದೆ ಕೊಟ್ಟ ಮಾತು ನೆನಪಿತ್ತು, ಆದರೆ ಅಲ್ಲೀಗ ಕಿಟಕಿ ಇತ್ತು. ಸುಟ್ಟ ಬೆರಳಿನ ತುದಿಯಿಂದ ಅವನನ್ನು ಮೆಲ್ಲಗೆ ಒಳಗೆ ತಿರುಗಿಸಿ, ಇಳಿದು, ಅಡಿಗೆಮನೆಗೆ ಹೋಗಿ ಆ ಗೋಡೆಯ ಬುಡದಲ್ಲಿ ಒಲೆ ಹಚ್ಚಿದಳು.